ಟೋಪಿ ಹಾಕಿದ ಕ್ರಿಯಾಪದ

ದರ್ಜಿ ಅಂಗಡಿಯಲ್ಲಿ ಅವಳನ್ನು ಎಲ್ಲರೂ ಕಾಜಮ್ಮ ಎನ್ನುತ್ತಿದ್ದರು. ಮೂವತ್ತೆಂಟು ವರ್ಷ ಅಂಗಿಗಳಿಗೆ ಕಾಜ ಹೊಲಿದ ಕೈ ಅದು. ಮಿಷನ್ನು ಬಂದ ಮೇಲೂ ಕೋಟಿನ ಕಾಜ ಮಾತ್ರ ಅವಳ ಸೂಜಿಗೇ ಮೀಸಲು. ಅಂಥವಳು ಅರವತ್ತೆರಡನೇ ವಯಸ್ಸಿನಲ್ಲಿ, ಭಾನುವಾರ ಬೆಳಿಗ್ಗೆ ಗ್ರಂಥಾಲಯದ ಮಹಡಿ ಹತ್ತಿ ಫ್ರೆಂಚ್ ಕಲಿಯಲು ಹೊರಟಾಗ ಅಂಗಡಿಯ ಮಾಸ್ಟರು ಕತ್ತರಿ ಕೆಳಗಿಟ್ಟು ನಕ್ಕಿದ್ದರು.

"ಯಾಕಮ್ಮಾ, ಗುಂಡಿಗಳ ಜೊತೆ ಮಾತಾಡೋಕಾ?"

ಮಾತಾಡುವುದಕ್ಕಲ್ಲ, ಒಂದು ಕಾಗದಕ್ಕೆ ಉತ್ತರ ಬರೆಯುವುದಕ್ಕೆ.

ಆ ಕಾಗದ ಬಂದದ್ದು ಅಕ್ಕ ತೀರಿಕೊಂಡ ತಿಂಗಳಲ್ಲಿ. ಅಕ್ಕ ಹರೆಯದಲ್ಲೇ ದಾದಿಯ ಕೆಲಸ ಹಿಡಿದು ಫ್ರೆಂಚ್ ಆಡುವ ನಾಡಿಗೆ ಹೋದವಳು, ಅಲ್ಲೇ ಬೇರು ಬಿಟ್ಟಳು. ಅಮ್ಮ ಹಾಸಿಗೆ ಹಿಡಿದಾಗಲೂ ಬರಲಿಲ್ಲ. ಅಮ್ಮನ ಮೈ ಒರೆಸಿ, ಮಗ್ಗುಲು ಬದಲಿಸಿ, ಕೊನೆಗೆ ಕಣ್ಣು ಮುಚ್ಚಿಸಿದವಳೂ ತಂಗಿಯೇ. ಹದಿನೈದು ವರ್ಷದ ಮೇಲೆ ಅಕ್ಕ ತಾನೇ ಹಾಸಿಗೆ ಹಿಡಿದು ಫೋನು ಮಾಡಿದ್ದಳು.

"ಒಂದ್ಸಲ ಬಂದು ಮುಖ ತೋರಿಸಿ ಹೋಗೇ, ಪುಟ್ಟಿ."

"ಅಮ್ಮ ಕರೆದಾಗ ನೀನು ಬಂದ್ಯಾ?" ಎಂದು ಕೇಳಿ ತಂಗಿ ಫೋನು ಇಟ್ಟುಬಿಟ್ಟಿದ್ದಳು. ಕೋಪ ಇಳಿಯಲು ಮೂರು ವಾರ ಹಿಡಿಯಿತು. ಅಕ್ಕ ಎರಡೇ ವಾರ ಕಾದಳು.

ಕಾಗದ ಬರೆದವರು ಅಕ್ಕನ ಮನೆಯೊಡತಿ. ಶಾಲೆಯಲ್ಲಿ ವ್ಯಾಕರಣ ಪಾಠ ಮಾಡಿ ನಿವೃತ್ತರಾದ ಮುದುಕಿ. ಕಾಜಮ್ಮ ಗ್ರಂಥಾಲಯದ ದಪ್ಪ ನಿಘಂಟನ್ನು ಮುಂದಿಟ್ಟುಕೊಂಡು, ಒಂದೊಂದೇ ಪದಕ್ಕೆ ಬೆರಳಿಟ್ಟು, ಎಂಟು ದಿನದಲ್ಲಿ ಅದನ್ನು ಬಿಡಿಸಿದ್ದಳು. ಜ್ವರ, ಔಷಧಿ, ಕಿಟಕಿ ಇಷ್ಟೆಲ್ಲ ಆದ ಮೇಲೆ ಕೊನೆಯಲ್ಲಿ ಒಂದು ಸಾಲಿತ್ತು. ತಂಗಿ, ಬಂದಳು, ಅವಳು, ಸತ್ತಳು, ನೆಮ್ಮದಿಯಲ್ಲಿ.

ಅಂದರೆ ಜ್ವರದ ಮಂಪರಿನಲ್ಲಿ ಅಕ್ಕನಿಗೆ ತಂಗಿ ಬಂದಂತೆ ಕಂಡಿರಬೇಕು. ಹಾಗೆಂದುಕೊಂಡೇ ನೆಮ್ಮದಿಯಾಗಿ ಕಣ್ಣು ಮುಚ್ಚಿರಬೇಕು. ಕಾಜಮ್ಮ ಆ ದಿನ ನಿಘಂಟಿನ ಮೇಲೆ ತಲೆಯಿಟ್ಟು ಅತ್ತು ಹಗುರಾಗಿದ್ದಳು. ಆಮೇಲೆ ಆ ಸಾಲನ್ನೇ ಉಸಿರಾಡಿಕೊಂಡು ಎರಡು ವರ್ಷ ಕಳೆದಳು. ಆ ಮುದುಕಿಗೆ ಅವರದೇ ಭಾಷೆಯಲ್ಲಿ ಒಂದು ಕೃತಜ್ಞತೆಯ ಮಾತು ಬರೆಯದಿದ್ದರೆ ಮನಸ್ಸು ತಡೆಯದು ಎನ್ನಿಸಿತ್ತು.

ಈ ಭಾನುವಾರ ಪುಸ್ತಕದ ಕೊನೆಯ ಪಾಠ. ಪಾಠ ಹೇಳುವ ಹುಡುಗಿ, ಮೇಡಂ ಎನ್ನಿಸಿಕೊಳ್ಳಲು ಇನ್ನೂ ನಾಚುವವಳು, ಹಲಗೆಯ ಮೇಲೆ 'ಬರುವುದು' ಎಂಬ ಕ್ರಿಯಾಪದ ಬರೆದಳು.

"ಇದನ್ನ ಈಗ ಯಾರೂ ಮಾತಲ್ಲಿ ಬಳಸಲ್ಲ. ಹಳೇ ಕಾಲದವರು ಬರೀತಾರೆ, ಅಷ್ಟೆ. ಆಗಬಹುದಿತ್ತು, ಆಗಲಿಲ್ಲ, ಅಂಥದ್ದಕ್ಕೆ. ಹೇಳಿ, ಕ ಜ ಫ್ಯೂಸ್ ವೆನ್ಯೂ."

"ಕಾಜ ಫ್ಯೂಸ್!" ಹಿಂದಿನ ಬೆಂಚಿನಿಂದ ನಿವೃತ್ತ ಕಂಡಕ್ಟರು ಕೂಗಿದರು. "ಕಾಜಮ್ಮನೋರ ಫ್ಯೂಸ್ ಹೋಯ್ತಲ್ರೀ!"

ತರಗತಿಯೆಲ್ಲ ನಕ್ಕಿತು. ಕಾಜಮ್ಮನೂ ಸೆರಗು ಬಾಯಿಗಿಟ್ಟು ನಕ್ಕಳು. "ನಿಮ್ಮ ಸೀಟಿ ಮೊದಲು ಹುಡುಕ್ಕೊಳಿ ಸ್ವಾಮಿ!"

ಮೇಡಂ ನಾನು, ನೀನು ಮುಗಿಸಿ 'ಅವಳು' ಎಂಬಲ್ಲಿಗೆ ಬಂದಳು. ಅಕ್ಷರದ ತಲೆಗೆ ಚೂಪಾದ ಒಂದು ಗೆರೆ ಎಳೆದಳು. "ಈ ಟೋಪಿ ನೋಡ್ಕೊಳಿ. ಟೋಪಿ ಇಲ್ಲದಿದ್ರೆ ಬಂದಿದ್ದಳು ಅಂತ. ಟೋಪಿ ಇದ್ರೆ ಬಂದಿದ್ದರೆ ಅಂತ. ನಾವು 'ರೆ' ಅಂತ ಬಾಲ ಸೇರಿಸ್ತೀವಲ್ಲ, ಅವರು ತಲೆಗೆ ಹಾಕ್ತಾರೆ. ಕಿವಿಗೆ ಎರಡೂ ಒಂದೇ."

"ಸರಿಯಾಗೇ ಟೋಪಿ ಹಾಕ್ತಾರೆ ಬಿಡಿ," ಎಂದರು ಕಂಡಕ್ಟರು.

ಈ ಸಲ ಕಾಜಮ್ಮ ನಗಲಿಲ್ಲ. ಕಾಗದದ ಆ ಕೊನೆಯ ಸಾಲು ಅವಳಿಗೆ ಅಕ್ಷರ ಅಕ್ಷರ ಬಾಯಿಪಾಠ. ಬಂದಳು ಎಂಬಲ್ಲಿ, ಸತ್ತಳು ಎಂಬಲ್ಲಿ, ಎರಡು ಕಡೆಯೂ ಆ ಚೂಪು ಗೆರೆ ಇತ್ತು. ಮುದುಕಿಯ ಬರವಣಿಗೆಯ ಸೊಗಸು ಎಂದುಕೊಂಡಿದ್ದಳು ಅದನ್ನು.

ಎಲ್ಲರೂ ಮೆಟ್ಟಿಲಿಳಿದ ಮೇಲೆ ಅವಳು ಕಾಗದವನ್ನು ಮೇಜಿನ ಮೇಲೆ ಬಿಚ್ಚಿದಳು. ಮೇಡಂ ಓದಿದಳು. ಮತ್ತೊಮ್ಮೆ ಓದಿದಳು. ಮುಖ ಎತ್ತಲಿಲ್ಲ.

"ತಂಗಿ ಬಂದಿದ್ದರೆ, ನೆಮ್ಮದಿಯಾಗಿ ಸಾಯ್ತಿದ್ದಳು. ಅಲ್ವಾ ಮೇಡಂ?"

"ವಯಸ್ಸಾದವರು... ಕೈತಪ್ಪಿ ಗೆರೆ ಬಿದ್ದಿರಬಹುದು ಕಾಜಮ್ಮ."

"ವ್ಯಾಕರಣದ ಟೀಚರಮ್ಮ. ಎರಡು ಸಲ ಕೈತಪ್ಪುತ್ತಾ?"

ಮೇಡಂ ಕಾಗದವನ್ನು ಮಡಚಿ ಅವಳ ಕಡೆಗೆ ಸರಿಸಿದಳು. ಕಿಟಕಿಯಾಚೆ ಯಾರೋ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದರು. ಕಾಜಮ್ಮ ಆ ಶಬ್ದ ನಿಲ್ಲುವವರೆಗೂ ಕೂತಿದ್ದಳು. ಅಕ್ಕನ ನೆಮ್ಮದಿ ಎಂದು ಎರಡು ವರ್ಷ ಸೆರಗಿನ ಗಂಟಿನಲ್ಲಿ ಕಟ್ಟಿಕೊಂಡು ತಿರುಗಿದ್ದು ತನ್ನದೇ ನೆಮ್ಮದಿಯಾಗಿತ್ತು. ಹಾಗಾದರೆ ಆ ಎರಡು ವಾರ ಅಕ್ಕ ಬಾಗಿಲ ಕಡೆಗೇ ಕಣ್ಣಿಟ್ಟು ಮಲಗಿದ್ದಳು.

"ಆಯಮ್ಮ ಸುಳ್ಳು ಬರೀಲಿಲ್ಲ ನೋಡು," ಎಂದಳು ಕೊನೆಗೆ. ಮೇಡಂ ಜೊತೆಗಿನ ಬಹುವಚನ ಬಿಟ್ಟುಹೋದದ್ದು ಇಬ್ಬರ ಗಮನಕ್ಕೂ ಬರಲಿಲ್ಲ. "ಎರಡು ವರ್ಷ ಆಯ್ತು. ಉತ್ತರ ಬರಲಿಲ್ಲ ಅಂತ ಏನಂದ್ಕೊಂಡಿದ್ದಾರೋ."

ಕೃತಜ್ಞತೆ ಹೇಳಲು ಬರೆದಿಟ್ಟಿದ್ದ ಕರಡನ್ನು ತೆಗೆದು ಅಡ್ಡಗೆರೆ ಎಳೆದಳು. ಅದರ ಕೆಳಗೆ ಏನು ಬರೆಯುವುದೆಂದು ಬಹಳ ಹೊತ್ತು ಯೋಚಿಸಿದಳು. ಬಂದಿದ್ದರೆ ಎಂದು ಶುರುಮಾಡಿದರೆ ಮುಂದೆ ಇನ್ನೇನೋ ಹೇಳಲೇಬೇಕಾಗುತ್ತದೆ. ಹೇಳಲು ಅವಳ ಬಳಿ ಏನೂ ಇರಲಿಲ್ಲ. ಹೀಗಾಗಿ ಮೊದಲ ತಿಂಗಳ ಪಾಠದ ಸರಳ ಭೂತಕಾಲದಲ್ಲಿ, ದುಂಡಗಿನ ಅಕ್ಷರದಲ್ಲಿ ಬರೆದಳು: ನಾನು ಬರಲಿಲ್ಲ.

"ತಪ್ಪಿದ್ರೆ ಹೇಳು ಮಗಳೇ."

ಹುಡುಗಿ ಬೆರಳಿಟ್ಟು ತೋರಿಸಿದಳು. "ಕೊನೇಲಿ ಇನ್ನೊಂದು ಅಕ್ಷರ ಬೇಕು. ಬಾರದೇ ಇದ್ದದ್ದು ಹೆಂಗಸು ಅಂತ ಗೊತ್ತಾಗೋಕೆ."

ಕಾಜಮ್ಮ ಕನ್ನಡಕ ಏರಿಸಿಕೊಂಡು ಆ ಅಕ್ಷರವನ್ನೂ ಸೇರಿಸಿದಳು.