ಔಷಧಿ ಹೊಡೆಯದ ತಾಕು

ಪಂಚಮಿಯ ಪಿಎಚ್.ಡಿ. ನಿಂತಿದ್ದದ್ದು ಒಂದಷ್ಟು ಮೆಣಸಿನ ಬಳ್ಳಿಗಳು ಸಾಯುವುದರ ಮೇಲೆ. ಕೇಳಿದವರು ಅಯ್ಯೋ ಎನ್ನಬಹುದು. ಆದರೆ ಕೃಷಿ ಸಂಶೋಧನೆ ಎಂದರೆ ಹಾಗೇ ಸ್ವಾಮಿ. ಔಷಧಿ ಕೊಟ್ಟದ್ದು ಬದುಕಬೇಕು, ಕೊಡದ್ದು ಸಾಯಬೇಕು. ಕೊಡದ್ದೂ ಬದುಕಿಬಿಟ್ಟರೆ ಔಷಧಿಯಿಂದ ಆದದ್ದೇನು ಎಂದು ಪರೀಕ್ಷಕರು ಕೇಳುತ್ತಾರೆ. ಆಗ ಬಾಯಿ ಬಿಡುವ ಹಾಗಿಲ್ಲ.

ಅವಳು ಕಳಸದ ವೆಂಕಟರಾಮ ಮೇಷ್ಟ್ರ ಮಗಳು, ಸರ್ಕಾರಿ ವಿಶ್ವವಿದ್ಯಾಲಯವೊಂದರ ಸಂಶೋಧನಾ ವಿದ್ಯಾರ್ಥಿನಿ. ಅವಳ ಗೈಡ್ ಡಾಕ್ಟರ್ ಓಂಕಾರಮೂರ್ತಿ ಮೆಣಸಿನ ಸೊರಗು ರೋಗಕ್ಕೆ ಒಂದು ಜೈವಿಕ ಪುಡಿ ಕಂಡುಹಿಡಿದಿದ್ದರು. ಪುಡಿ ಕೆಲಸ ಮಾಡುತ್ತದೆ ಎಂದು ತೋರಿಸುವುದು ಪಂಚಮಿಯ ಪಾಲಿಗೆ ಬಂದಿತ್ತು. ಅದು ಆಗಲೇ ಸಾಬೀತಾಗಿದೆ ಎಂದು ಊರೂರಲ್ಲಿ ಭಾಷಣ ಮಾಡುವುದನ್ನು ಅವರು ತಾವೇ ವಹಿಸಿಕೊಂಡಿದ್ದರು.

ಪ್ರಯೋಗಕ್ಕೆ ಜಾಗ ಕೊಟ್ಟದ್ದು ಕೊಟ್ಟಿಗೆಹಾರದ ಹತ್ತಿರದ ಕಾಫಿ ಎಸ್ಟೇಟಿನ ಮಲ್ಲಿಕಾರ್ಜುನ. ಕೊಟ್ಟದ್ದು ಅವನು ಎಂದು ಹೇಳಬೇಕಷ್ಟೆ. ಎಸ್ಟೇಟಿನಲ್ಲಿ ಒಂದು ಎಲೆ ಅಲ್ಲಾಡಬೇಕಾದರೂ ಅವನ ತಾಯಿ ನಂಜಮ್ಮನ ಅಪ್ಪಣೆ ಬೇಕಿತ್ತು. ಮೆಣಸಿನ ಜಾಗವನ್ನು ಎರಡು ತಾಕು ಮಾಡಿದರು. ಒಂದು ತಾಕಿಗೆ ಪುಡಿ, ಇನ್ನೊಂದಕ್ಕೆ ಏನೂ ಇಲ್ಲ. ರಸ್ತೆ ಬದಿಯಲ್ಲಿದ್ದ ಆ ಎರಡನೆಯ ತಾಕಿಗೆ ವಿಶ್ವವಿದ್ಯಾಲಯದವರು ದೊಡ್ಡ ಬೋರ್ಡು ನೆಟ್ಟರು: ‘ಔಷಧಿ ಹೊಡೆಯದ ತಾಕು’. ಕೆಳಗೆ ತೋಟದ ಮಾಲೀಕರ ಹೆಸರು, ದಪ್ಪಕ್ಷರದಲ್ಲಿ.

"ಇದ್ಯಾಕೆ ಹೀಗೆ ಊರಿಗೆಲ್ಲ ಸಾರೋದು?" ಎಂದು ನಂಜಮ್ಮ ಅವತ್ತೇ ಕೇಳಿದ್ದರು. "ನಿಯಮ ಅಮ್ಮ" ಎಂದಿದ್ದಳು ಪಂಚಮಿ.

ಎರಡು ಮಳೆಗಾಲ ಕಳೆಯಿತು. ಪುಡಿ ಹಾಕಿದ ತಾಕಿನಲ್ಲಿ ಅರ್ಧ ಬಳ್ಳಿ ಹಳದಿಯಾಗಿ ಸೊರಗಿದವು. ಏನೂ ಹಾಕದ ತಾಕಿನಲ್ಲಿ ಬಳ್ಳಿಗಳು ಸಿಲ್ವರ್ ಓಕ್ ಮರ ತಬ್ಬಿಕೊಂಡು, ಕಪ್ಪು ಹಸಿರಾಗಿ, ಗೊಂಚಲು ಇಳಿಬಿಟ್ಟುಕೊಂಡು ನಿಂತವು. ಅಲ್ಲಲ್ಲಿ ಎಲೆಗಳ ಮೇಲೆ ನೀಲಿ ಕಲೆ ಇತ್ತು. ಪಕ್ಕದ ಕಾಫಿಗೆ ಹೊಡೆದ ಮೈಲುತುತ್ತದ ದ್ರಾವಣ ಗಾಳಿಗೆ ಹಾರಿರಬೇಕು ಎಂದು ಪಂಚಮಿ ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಬೇರೆ ಕಾರಣ ಹುಡುಕುವ ಧೈರ್ಯ ಅವಳಿಗೆ ಇರಲಿಲ್ಲ.

ಹೆದರುತ್ತಲೇ ಗೈಡಿಗೆ ಸುದ್ದಿ ಮುಟ್ಟಿಸಿದಳು. ಅವರು ಬೈಯುತ್ತಾರೆ ಅಂದುಕೊಂಡಿದ್ದರೆ, ಆ ಮಹಾನುಭಾವರು ಕುರ್ಚಿಯಿಂದ ಎದ್ದು ನಿಂತು ಅವಳ ಕೈ ಕುಲುಕಿದರು.

"ಹೊಸ ತಳಿ ಸಿಕ್ತಲ್ಲಮ್ಮ! ರೋಗನೇ ತಾಗದ ತಳಿ!"

"ಎರಡು ತಾಕಲ್ಲಿರೋದೂ ಒಂದೇ ತಾಯಿಬಳ್ಳಿಯ ಕುಡಿ ಅಲ್ವಾ ಸಾರ್?"

"ಒಂದೇ ತಾಯಿ ಮಕ್ಕಳಲ್ಲಿ ಒಬ್ಬ ಕಲೆಕ್ಟರು, ಒಬ್ಬ ಅಬ್ಬೇಪಾರಿ ಆಗಲ್ವೇನಮ್ಮ? ನೀನು ಪ್ರಬಂಧ ಬರಿ. ಈ ವರ್ಷವೇ ಡಿಗ್ರಿ."

ಪುಡಿಯ ವಿಚಾರವನ್ನು ಅವರು ಅಲ್ಲಿಗೇ ಮರೆತರು. ಪಂಚಮಿಗೂ ಮರೆಯುವ ಆಸೆ ಇತ್ತು. ಡಿಗ್ರಿ ಕೈಗೆ ಬಂದರೆ ಅಸಿಸ್ಟೆಂಟ್ ಪ್ರೊಫೆಸರ್ ಹುದ್ದೆಗೆ ಅರ್ಜಿ ಹಾಕಬಹುದಿತ್ತು. ಇನ್ನೂ ಎಷ್ಟು ವರ್ಷ ಓದ್ತೀಯೇ ಎನ್ನುವ ನೆಂಟರ ಬಾಯಿಗೂ ಬೀಗ ಬೀಳುತ್ತಿತ್ತು.

ಎರಡು ಸಾವಿರದ ಇಸವಿಯ ಮೇ ತಿಂಗಳಲ್ಲಿ ನಂಜಮ್ಮನ ತೋಟದಲ್ಲೇ ರೈತರಿಗೆ ಬೆಳೆ ತೋರಿಸುವ ಕ್ಷೇತ್ರೋತ್ಸವ ಇಟ್ಟರು. ಮೆಣಸಿಗೆ ಒಳ್ಳೆಯ ಬೆಲೆ ಇದ್ದ ಕಾಲ. ಮೂಡಿಗೆರೆ, ಕಳಸ, ಬಾಳೆಹೊನ್ನೂರು ಅಂತ ಎಲ್ಲೆಲ್ಲಿಂದಲೋ ಬೆಳೆಗಾರರು ಜೀಪು ತುಂಬಿಕೊಂಡು ಬಂದರು. ಏನೂ ಹಾಕದ ತಾಕಿನ ಬಳ್ಳಿಗಳಿಂದ ಕತ್ತರಿಸಿದ, ‘ಓಂಕಾರ-೧’ ಎಂಬ ಹೆಸರಿನ ಕುಡಿಗಳನ್ನು ಗೋಣಿ ಹಾಸಿ ಪೇರಿಸಿಟ್ಟಿದ್ದರು. ಈ ತಳಿಗೆ ಔಷಧಿಯೇ ಬೇಡ ಎಂಬುದು ಮುಖ್ಯ ಘೋಷಣೆ.

ಬೆಳಿಗ್ಗೆ ಪಂಚಮಿ ಅಡುಗೆಮನೆಯಲ್ಲಿ ಕಾಫಿ ಕುಡಿಯುತ್ತಿದ್ದಾಗ ನಂಜಮ್ಮ ಶಾಮಿಯಾನದ ಕಡೆ ನೋಡಿ ಹೆಮ್ಮೆಯಿಂದ ಹೇಳಿದರು: "ನೋಡ್ದೇನೇ? ನಾನು ನಿನ್ನ ಮಾತು ಕೇಳ್ಕಂಡು ಸುಮ್ನಿದ್ದಿದ್ರೆ ಇವತ್ತು ಇಷ್ಟು ಜನದ ಮುಂದೆ ನಮ್ಮ ಮರ್ಯಾದೆ ಏನಾಗ್ತಿತ್ತು?"

ಪಂಚಮಿ ಲೋಟ ಕೆಳಗಿಟ್ಟಳು. "ಏನ್ ಮಾಡಿದ್ರಿ ಅಮ್ಮ?"

"ಇನ್ನೇನ್ ಮಾಡ್ಲಿ ಮಾರಾಯ್ತಿ! ಬಸ್ಸಲ್ಲಿ ಹೋಗೋರೆಲ್ಲ ಆ ಬೋರ್ಡ್ ಓದ್ಕಂಡು, ನಂಜಮ್ಮನ ಮನೇಲಿ ಔಷಧಿಗೂ ಗತಿ ಇಲ್ವಂತೆ ಅಂದ್ರೆ? ನೀನು ಹಾಸ್ಟೆಲಿಗೆ ಹೋಗಿದ್ದೇ ತಡ, ಮೇಸ್ತ್ರಿಗೆ ಹೇಳಿ ಮೈಲುತುತ್ತ ಹೊಡ್ಸಿದೆ. ಎರಡು ವರ್ಷನೂ. ಕಣ್ಣೆದ್ರಿಗೆ ಸಾಯೋದನ್ನ ನೋಡ್ಕಂಡು ಯಾರಾದ್ರೂ ಸುಮ್ನಿರ್ತಾರಾ?"

ಪಂಚಮಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ನೀಲಿ ಕಲೆ ಕಂಡೂ ಕಾಣದಂತಿದ್ದ ತನ್ನ ಮೇಲೇ ಅವಳಿಗೆ ಸಿಟ್ಟು ಬಂತು. ಓಡಿಹೋಗಿ ಗೈಡ್ ಅವರ ಕಿವಿಯಲ್ಲಿ ಉಸುರಿದಳು. ಅವರು ಕತ್ತಿನ ಹಾರ ಸರಿಮಾಡಿಕೊಂಡರು.

"ದತ್ತಾಂಶ ಹೇಳೋದನ್ನ ನಂಬ್ಬೇಕೋ, ಅಜ್ಜಿ ಹೇಳೋದನ್ನ ನಂಬ್ಬೇಕೋ? ವಿಜ್ಞಾನದ ವಿದ್ಯಾರ್ಥಿನಿ ನೀನು. ಹೋಗು, ವಂದನಾರ್ಪಣೆ ನಿಂದೇ."

ಸಭೆಯಲ್ಲಿ ಸಂಶೋಧನಾ ವಿದ್ಯಾರ್ಥಿಗೆ ಸಿಗುವ ಗೌರವ ಎಂದರೆ ಅದೊಂದೇ. ಉದ್ಘಾಟನೆಗೆ ದೊಡ್ಡವರು, ಅಧ್ಯಕ್ಷತೆಗೆ ಇನ್ನೂ ದೊಡ್ಡವರು. ಊಟದ ವಾಸನೆ ಬಂದು ಜನ ಚಪ್ಪಲಿ ಹುಡುಕುವ ಹೊತ್ತಿಗೆ ಮೈಕು ವಿದ್ಯಾರ್ಥಿಯ ಕೈಗೆ. ವಂದನಾರ್ಪಣೆಯಲ್ಲಿ ಏನು ಹೇಳಿದರೂ ನಡೆಯುತ್ತದೆ, ಯಾಕೆಂದರೆ ಯಾರೂ ಕೇಳಿಸಿಕೊಳ್ಳುವುದಿಲ್ಲ.

ಪಂಚಮಿ ವೇದಿಕೆಯಿಂದ ಕೆಳಗೆ ನೋಡಿದಳು. ತನ್ನೂರಿನ ಗಿಡ್ಡಪ್ಪ ಎರಡು ಕಟ್ಟು ಕುಡಿಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಕೂತಿದ್ದ. ಮುಂದಿನ ಮಳೆಗಾಲ ಇವನು ಔಷಧಿ ಹೊಡೆಯುವುದನ್ನು ಬಿಡುತ್ತಾನೆ, ತೋಟ ಪೂರ್ತಿ ಹೋಗುತ್ತದೆ ಎನ್ನಿಸಿತು. ಡಿಗ್ರಿಯೂ ಕಣ್ಣಮುಂದೆ ಬಂತು. ಅತಿಥಿಗಳಿಗೆ, ಶಾಮಿಯಾನದವರಿಗೆ, ಮೈಕಿನವರಿಗೆ ಒಂದೇ ಉಸಿರಲ್ಲಿ ವಂದನೆ ಹೇಳಿ ಮುಗಿಸಿದಳು. ಆಮೇಲೆ ಮೈಕನ್ನು ಹತ್ತಿರ ಎಳೆದುಕೊಂಡಳು.

"ಕೊನೆಯದಾಗಿ, ಏನೂ ಹೊಡೆಯಬಾರದಿದ್ದ ಈ ತಾಕಿಗೆ ಎರಡು ವರ್ಷವೂ ತಪ್ಪದೆ ಮೈಲುತುತ್ತ ಹೊಡೆಸಿ, ಬಳ್ಳಿಗಳನ್ನು ಉಳಿಸಿಕೊಟ್ಟ ನಂಜಮ್ಮನವರಿಗೆ ವಂದನೆಗಳು."

ಜನ ಚಪ್ಪಾಳೆ ತಟ್ಟಿ ಎದ್ದರು. ಅಷ್ಟೇ. ಒಬ್ಬರ ಕಿವಿಗೂ ಬೀಳಲಿಲ್ಲ. ಅಬ್ಬಾ, ಹೇಳಿದ ಹಾಗೂ ಆಯಿತು, ಕೆಡದ ಹಾಗೂ ಆಯಿತು ಎಂದು ಪಂಚಮಿಗೆ ಒಂದು ಕ್ಷಣ ಅನ್ನಿಸಿದ್ದು ಸುಳ್ಳಲ್ಲ.

ಆದರೆ ಮೈಕಿನಲ್ಲಿ ತನ್ನ ಹೆಸರು ಕೇಳಿದ ನಂಜಮ್ಮ ಬಿಡುತ್ತಾರೆಯೇ? ಮೊದಲ ಸಾಲಿನಲ್ಲಿ ಎದ್ದು ಜನರ ಕಡೆ ತಿರುಗಿ, ಕೆಲಸದಾಳುಗಳನ್ನು ಕರೆಯುವ ಗಂಟಲಿನಲ್ಲಿ ಕೂಗಿದರು: "ಹೌದ್ರಪ್ಪ, ನಾನೇ ನಿಂತು ಹೊಡ್ಸಿದ್ದು! ಇಲ್ದಿದ್ರೆ ಇದೆಲ್ಲಿ ಉಳೀತಿತ್ತು?"

ಈಗ ಎಲ್ಲರಿಗೂ ಕೇಳಿಸಿತು. ಗಿಡ್ಡಪ್ಪ ಕಂಕುಳ ಕೆಳಗಿನ ಕಟ್ಟುಗಳನ್ನು ತೆಗೆದು ನೋಡಿದ. "ಔಷಧಿ ಹೊಡುದ್ರೆ ನಮ್ಮನೆ ಬಳ್ಳೀನೂ ಉಳಿತದೆ. ಇದನ್ಯಾಕೆ ಹೊರಾದು ಮಾರಾಯ?" ಎಂದು ಗೋಣಿಯ ಮೇಲೆ ಇಟ್ಟ. ಉಳಿದವರೂ ಇಟ್ಟರು. ಓಂಕಾರಮೂರ್ತಿಗಳು ಮಾತ್ರ ಮುಖ ಸಪ್ಪೆ ಮಾಡಿಕೊಳ್ಳಲಿಲ್ಲ. ಊಟದ ಸಾಲಿನಲ್ಲಿ ಪತ್ರಕರ್ತರಿಗೆ, ಸಂಶೋಧನೆಯಲ್ಲಿ ರೈತ ಮಹಿಳೆಯರ ಪಾತ್ರದ ಬಗ್ಗೆ ವಿವರಿಸುತ್ತಿದ್ದರು.

ಪೆಟ್ಟು ಬಿದ್ದದ್ದು ಪಂಚಮಿಗೆ. ಎರಡು ವರ್ಷದ ಪ್ರಯೋಗ ರದ್ದು. ವಿಶ್ವವಿದ್ಯಾಲಯದ ಸಮಿತಿಯವರು ಒಂದೇ ಒಂದು ಮಳೆಗಾಲ ಹೆಚ್ಚಿಗೆ ಕೊಟ್ಟರು. ಅದೂ ಕೆಟ್ಟರೆ ಹೆಸರು ಹೊಡೆದು ಹಾಕುತ್ತೇವೆ ಎಂದರು. ಇದೆಲ್ಲ ತಿಳಿದ ನಂಜಮ್ಮ ತಲೆಮೇಲೆ ಕೈಹೊತ್ತು ಕೂತರು.

"ಅಯ್ಯೋ ಕೂಸೇ, ನಿನ್ನ ಓದಿಗೆ ನಾನೇ ಕಲ್ಲು ಹಾಕಿದ್ನಲ್ಲೇ! ಬಳ್ಳಿ ಇರೋ ಬೇರೆ ಜಾಗ ಕೊಡ್ತೀನಿ. ಈ ಸಲ ಮುಟ್ಟಲ್ಲ, ಕಳಸೇಶ್ವರನಾಣೆ."

ಪಂಚಮಿ ಹೂಂ ಅಂದಳು. ನಂಬಲಿಲ್ಲ.

ಜೂನಿನಲ್ಲಿ ಮಳೆ ಹಿಡಿಯಿತು. ಹೊಸ ತಾಕಿನಲ್ಲಿ ಒಂದೊಂದೇ ಎಲೆ ಹಳದಿಯಾಗತೊಡಗಿದಾಗ ನಂಜಮ್ಮ ಬಟ್ಟೆ ಗಂಟು ಕಟ್ಟಿಕೊಂಡು, ಕಳಸದಲ್ಲಿದ್ದ ತಂಗಿ ಶಿವಗಂಗಮ್ಮನ ಮನೆಗೆ ಹೊರಟುಬಿಟ್ಟರು. ಮದುವೆಯಾಗಿ ಬಂದಮೇಲೆ ಆಯಮ್ಮ ಮಳೆಗಾಲದಲ್ಲಿ ತೋಟ ಬಿಟ್ಟು ಹೋದದ್ದು ಅದೇ ಮೊದಲು. ಮಲ್ಲಿಕಾರ್ಜುನ ಕಾರಣ ಕೇಳಿದರೆ, "ಇಲ್ಲಿದ್ರೆ ನನ್ನ ಕೈ ಸುಮ್ನಿರಲ್ಲ ಕಣೋ" ಎಂದರಂತೆ.

ಸೆಪ್ಟೆಂಬರಿನಲ್ಲಿ ಪಂಚಮಿ ಬಂದು ನೋಡಿದಳು. ಪುಡಿ ಹಾಕಿದ ತಾಕಿನಲ್ಲಿ ಅರ್ಧ ಉಳಿದಿತ್ತು. ಹಾಕದ ತಾಕಿನಲ್ಲಿ ಬಳ್ಳಿಗಳು ಬುಡದಿಂದ ತುದಿವರೆಗೆ ಕಪ್ಪಾಗಿ ಮರದಿಂದ ಕಳಚಿ ಬಿದ್ದಿದ್ದವು. ನೀಲಿ ಕಲೆ ಒಂದೂ ಇರಲಿಲ್ಲ. ಅಂದರೆ ಪುಡಿ ಅರ್ಧ ಕೆಲಸ ಮಾಡುತ್ತದೆ ಎಂದಾಯಿತು. ಪಿಎಚ್.ಡಿ.ಗೆ ಅಷ್ಟೇ ಧಾರಾಳ. ಅವಳು ಕೆಸರಲ್ಲೇ ಕುಣಿದಳು. ಕೊಟ್ಟಿಗೆಹಾರದ ಎಸ್‌ಟಿಡಿ ಬೂತಿಗೆ ಓಡಿ ಕಳಸದ ಶಿವಗಂಗಮ್ಮನ ಮನೆಗೆ ಫೋನು ಹಚ್ಚಿದಳು.

"ಅಮ್ಮಾ, ಎಲ್ಲಾ ಸತ್ತಿದೆ! ಒಂದೂ ಉಳಿದಿಲ್ಲ!"

ಆ ಕಡೆ ಮೂಗು ಒರೆಸಿಕೊಂಡ ಸದ್ದಾಯಿತು.

"ಒಳ್ಳೇದಾಯ್ತು ಬಿಡು ಮಗಾ" ಎಂದರು ನಂಜಮ್ಮ. "ಹಂಗಾದ್ರೆ ನಾನಿನ್ನು ಮನೆಗೆ ಬರ್ಬೋದಾ?"