ಏಳು ಹುಣಸೆಬೀಜದ ಪರೀಕ್ಷೆ

ಯಾವ ವಸ್ತುವನ್ನಾದರೂ ಬೆರಳ ಗೆಣ್ಣಿನಿಂದ ಒಮ್ಮೆ ತಟ್ಟಿ, ತಲೆಯನ್ನು ಎಡಕ್ಕೆ ವಾಲಿಸಿ, ಅದು ಕೊಡುವ ಉತ್ತರವನ್ನು ಪೂರ್ತಿ ಕೇಳಿಸಿಕೊಳ್ಳದೆ ರೇವಣಸಿದ್ದಯ್ಯ ಮೇಷ್ಟ್ರು ಅದರೊಡನೆ ಸಂಬಂಧ ಬೆಳೆಸುತ್ತಿರಲಿಲ್ಲ. ಗೇಟು, ಗೋಡೆ, ಕಾಫಿ ಲೋಟ, ಬಸ್ಸಿನ ತಗಡು, ಹಲಸಿನಹಣ್ಣು ಎಲ್ಲಕ್ಕೂ ಒಂದೇ ಉಪಚಾರ. ರಾಜಾಜಿನಗರದಲ್ಲಿ ಆಗಿನ್ನೂ ಮನೆಗಳಿಗಿಂತ ನಿವೇಶನದ ಕಲ್ಲುಗಳೇ ಹೆಚ್ಚು. ಆ ಕೆಂಪು ಧೂಳಿನ ನಡುವೆ ನಾನು ತೆರೆದಿದ್ದ ಪಾತ್ರೆ ಅಂಗಡಿಗೆ ಮೊದಲ ಸಲ ಬಂದ ದಿನ ಅವರು ಒಂದು ತಂಬಿಗೆಗಾಗಿ ಮೂವತ್ತೆಂಟು ತಂಬಿಗೆಗಳನ್ನು ತಟ್ಟಿದರು. ಬಿರುಕು ಹುಡುಕುವ ಗಿರಾಕಿಯನ್ನು ನಾನು ಬೀದಿಯಾಚೆಯಿಂದಲೇ ಗುರುತಿಸಬಲ್ಲೆ. ಈತ ಹುಡುಕುತ್ತಿದ್ದುದು ಬಿರುಕನ್ನಲ್ಲ, ಷಡ್ಜವನ್ನು. ಕೊನೆಗೆ, ಹೊಟ್ಟೆ ತಗ್ಗಾಗಿ ಎರಡು ದೀಪಾವಳಿ ಕಂಡರೂ ಕದಲದಿದ್ದ ಒಂದು ತಂಬಿಗೆಯನ್ನು ಎದೆಗವಚಿಕೊಂಡು, "ಇದು ನಮ್ಮ ಶ್ರುತಿಗೆ ಕೂತಿದೆ ಸಾಹುಕಾರ್ರೆ" ಎಂದರು. ನಾನು ಮನೆಮಗಳನ್ನು ಗಂಡನ ಮನೆಗೆ ಕಳಿಸುವವನ ಮುಖ ಮಾಡಿಕೊಂಡು ಅದನ್ನು ಕೊಟ್ಟೆ. ವ್ಯಾಪಾರಕ್ಕೂ ಒಂದಿಷ್ಟು ಅಭಿನಯ ಬೇಕು.

ಬೇಸಿಗೆಯಲ್ಲೂ ಬಿಡದ ಕಂದು ಬಣ್ಣದ ಮುಚ್ಚುಗೊರಳಿನ ಕೋಟು, ಅದರ ಬಲಜೇಬಿನಲ್ಲಿ ಸದಾ ಒಂದು ಹಿಡಿ ಹುಣಸೆಬೀಜ. ನಡೆದು ಬರುತ್ತಿದ್ದರೆ ಗಿಲಕಿಯೊಂದು ನಿಧಾನವಾಗಿ ಸಮೀಪಿಸಿದಂತೆ. ಆ ನಡಿಗೆಗೂ ತಾಳವಿತ್ತು: ಎಂಟು ಹೆಜ್ಜೆಗೊಂದು ಆವರ್ತ. ಮಾಗಡಿ ರಸ್ತೆ ದಾಟುವಾಗ ನಡುವೆ ಎತ್ತಿನಗಾಡಿ ಬಂದರೆ ನಿಂತಲ್ಲೇ ಕಾಲಾಡಿಸಿ ಲೆಕ್ಕ ಉಳಿಸಿಕೊಂಡು, ಗಾಡಿ ಸರಿದ ಮೇಲೆ ಸರಿಯಾದ ಹೆಜ್ಜೆಯಲ್ಲೇ ಮುಂದುವರಿಯುವರು. ಗಾಡಿಯವನು ಇವರಿಗೆ ವಾಯುವಿರಬೇಕೆಂದು ಮರುಗುತ್ತಿದ್ದ.

ಆ ಹುಣಸೆಬೀಜಗಳ ಗುಟ್ಟು ನನಗೆ ತಿಳಿದದ್ದು ಜಗಳಕ್ಕೆಂದು ಹೋದಾಗ. ತಗಡಿನ ಚಾವಣಿಯ ನಮ್ಮ ಶಾಲೆಯಲ್ಲಿ ಮೇಷ್ಟ್ರು ವಾರಕ್ಕೆರಡು ದಿನ ಸಂಗೀತ ಹೇಳಿಕೊಡುತ್ತಿದ್ದರು. ಜೇನಿನಂಥ ಕಂಠವೆಂದು ಬಂಧುಬಳಗವೆಲ್ಲ ಒಪ್ಪಿದ್ದ ನನ್ನ ಮಗಳು ವಿಮಲೆಗೆ ಐವತ್ತಕ್ಕೆ ಮೂವತ್ತೊಂದು ಅಂಕ ಕೊಟ್ಟು, ಹೆಗ್ಗನಹಳ್ಳಿಯಿಂದ ನಡೆದು ಬರುತ್ತಿದ್ದ ಉಗ್ರಪ್ಪನ ಮಗಳು ಅಂಜಮ್ಮನಿಗೆ ನಲವತ್ತೆಂಟು ಕೊಟ್ಟಿದ್ದರು. ಅಂಜಮ್ಮ ಬಾಯಿ ತೆರೆದರೆ ನೆಲದ ಮೇಲೆ ಮಂಚ ಎಳೆದಂತಾಗುತ್ತಿತ್ತು.

"ನಿಮ್ಮ ಮಗು ಚೆನ್ನಾಗಿ ಹಾಡತ್ತೆ" ಎಂದು ಮೇಷ್ಟ್ರು ಶಾಂತವಾಗಿ ಒಪ್ಪಿಕೊಂಡರು. "ಕೇಳಿಸ್ಕೊಳ್ಳೋದು ಸಾಲ್ದು. ಗಂಟಲು ದೇವರು ಕೊಟ್ಟಿದ್ದು, ಅದಕ್ಕೆ ನಾನ್ಯಾಕೆ ಮಾರ್ಕು ಕೊಡ್ಲಿ? ಕಿವಿ ನಾನು ಕೊಟ್ಟಿದ್ದು."

ಅವರ ಪರೀಕ್ಷೆಯಲ್ಲಿ ಹಾಡುವವರು ಮಕ್ಕಳಲ್ಲ, ಅವರೇ. ಪ್ರತಿ ಮಗುವಿನ ಬಲಗೈಗೆ ಏಳು ಹುಣಸೆಬೀಜ. ಎಲ್ಲರೂ ಕಣ್ಣು ಮುಚ್ಚಬೇಕು. ಮೇಷ್ಟ್ರು ಹಾಡುತ್ತ ಹಾಡುತ್ತ ಅಲ್ಲಲ್ಲಿ ಬೇಕೆಂದೇ ತಪ್ಪುವರು. ತಪ್ಪು ಕೇಳಿದಾಗಲೆಲ್ಲ ಮಗು ಒಂದು ಬೀಜವನ್ನು ಸದ್ದಿಲ್ಲದೆ ಎಡಮುಷ್ಟಿಗೆ ದಾಟಿಸಬೇಕು. ಕಡೆಯಲ್ಲಿ ಅವರು ಸಾಲಿನುದ್ದಕ್ಕೂ ನಡೆದು ಮುಷ್ಟಿಗಳನ್ನು ಬಿಡಿಸಿ ನೋಡಿ ಅಂಕ ಹಾಕುವರು. ಎಷ್ಟು ತಪ್ಪು ಬಿತ್ತಿದ್ದಾರೆಂಬುದು ಅವರಿಗೊಬ್ಬರಿಗೇ ಗೊತ್ತು.

ಈ ಏರ್ಪಾಡು ಶಾಲೆಯ ಕಮಿಟಿಗೆ ಹಿಡಿಸಲಿಲ್ಲ. ಹಾಡದ ಮಕ್ಕಳಿಗೆ ಹಾಡಿನ ಅಂಕವೇ? ಸಂಗೀತದ ಪಿರಿಯಡ್ಡು ತೆಗೆದು ಬಡಗಿ ಕೆಲಸ ಹಾಕಿದರೆ ಪಕ್ಕದ ಕಾರ್ಖಾನೆಗಳಿಗಾದರೂ ಆದೀತು ಎಂದಿತು ಕಮಿಟಿ. ಮಾರ್ಚಿನ ಪರೀಕ್ಷೆಯನ್ನು ಕಣ್ಣಾರೆ ಕಂಡು ವರದಿ ಒಪ್ಪಿಸಲು, ಪಾತ್ರೆಯ ಸದ್ದು ಬಲ್ಲವನೆಂಬ ನೆಪದಲ್ಲಿ ನನ್ನನ್ನೇ ಕಳಿಸಿತು. ಮೂವತ್ತೊಂದನ್ನು ನಾನಿನ್ನೂ ಮರೆತಿರಲಿಲ್ಲವೆಂಬುದನ್ನು ಮುಚ್ಚಿಡಲಾರೆ.

ಹೆಡ್‌ಮಾಸ್ಟರ್ ಸೋಮಲಿಂಗಪ್ಪನವರೂ ನಾನೂ ಬೆಂಚಿನ ಮೇಲೆ ಕೂತೆವು. ಮೇಷ್ಟ್ರು ನನ್ನಂಗಡಿಯ ಅದೇ ತಗ್ಗಿನ ತಂಬಿಗೆಯನ್ನು ತಟ್ಟಿ ಷಡ್ಜ ಹಿಡಿದು ಮೋಹನ ರಾಗ ಎತ್ತಿಕೊಂಡರು. ಮಧ್ಯಮಕ್ಕೆ ಜಾಗವೇ ಇಲ್ಲದ ಆ ರಾಗದೊಳಕ್ಕೆ ಎರಡು ಸಲ ಮಧ್ಯಮವನ್ನು ಕಳ್ಳನಂತೆ ನುಗ್ಗಿಸಿದರು. ಒಮ್ಮೆ ತಾಳ ತಪ್ಪಿಸಿದರು. ಮೂರು ಸಲವೂ ಮುಷ್ಟಿಗಳಲ್ಲಿ ಇರುವೆ ಹರಿದಂತೆ ಚಲನೆ. ಆಮೇಲೆ ಮೇಲಿನ ಷಡ್ಜಕ್ಕೆ ಏರಿದರು, ಏರಿದರೆಂದು ಅವರು ತಿಳಿದರು. ಸ್ವರ ಮೆಟ್ಟಿಲಿನ ಅಂಚಿಗೆ ಕಾಲು ತಾಗಿಸಿ ಕೆಳಗೇ ನಿಂತುಬಿಟ್ಟಿತು. ಬಿರುಕುಬಿಟ್ಟ ಕಂಚನ್ನು ಇಪ್ಪತ್ತು ವರ್ಷ ತಟ್ಟಿದ ನನ್ನ ಕಿವಿಗೆ ಅದು ತಪ್ಪಲಿಲ್ಲ. ಆದರೆ ಮಕ್ಕಳ ಮುಷ್ಟಿಗಳು ಕಲ್ಲಾಗಿದ್ದವು. ಅಂಜಮ್ಮನ ಕೈ ಮಾತ್ರ ಅಲುಗಿತು. ಮರುಕ್ಷಣ ಅದು ಬಾಯಿಯ ಹತ್ತಿರ ಹೋಗಿ ಬಂತು.

ಹಾಡು ಮುಗಿಯಿತು. ಮುಷ್ಟಿಗಳು ಬಿಚ್ಚಿದವು: ಮೂರು, ಮೂರು, ಎರಡು, ಮೂರು. ನನ್ನ ವಿಮಲೆಯದು ಎರಡು. ಅಂಜಮ್ಮನ ಎಡಗೈಯಲ್ಲಿ ಮೂರು. ಮೇಷ್ಟ್ರು ಮುಂದೆ ಹೋಗಬೇಕೆಂದಿದ್ದವರು ನಿಂತು, ಬಲಗೈಯನ್ನೂ ನೋಡಿದರು. ಅಲ್ಲೂ ಮೂರು.

"ಏಳು ಕೊಟ್ಟಿದ್ದೆನಲ್ಲಮ್ಮ, ಇನ್ನೊಂದೆಲ್ಲಿ?"

"ಬಿದ್ದೋಯ್ತು ಸಾ," ಎಂದಿತು ಹುಡುಗಿ, ಮಾತು ತೊದಲಿಸುತ್ತ.

"ಕೆನ್ನೆ ಯಾಕೆ ಊದ್ಕೊಂಡಿದೆ? ಎಲ್ಲಿ, ಬಾಯಿ ತೆಗಿ."

ನಾಲಿಗೆಯ ಮೇಲೆ ಕಪ್ಪಗೆ ಮಿರುಗುತ್ತ ಏಳನೆಯ ಬೀಜ ಕೂತಿತ್ತು. ಯಾರೋ ಕಿಸಕ್ಕೆಂದರು. ಮೇಷ್ಟ್ರು ಅದನ್ನು ಅಂಗೈಗೆ ಉಗುಳಿಸಿಕೊಂಡು ಬಹಳ ಹೊತ್ತು ನೋಡಿದರು.

"ಇದ್ಯಾವ ತಪ್ಪಿಗಮ್ಮ?"

ಅಂಜಮ್ಮ ಕಾಲಬೆರಳು ನೋಡುತ್ತ ನಿಂತಳು. "ಮೇಲಿನ ಸ, ಸಾರ್. ಒಂಚೂರು ಕೆಳಗೆ."

"ಎಷ್ಟು ದಿನದಿಂದ?"

"ಸಂಕ್ರಾಂತಿಯಿಂದ ಸಾರ್."

"ಎಲ್ರಿಗೂ ಗೊತ್ತಾ?"

ಸಾಲಿನ ಕೊನೆಯಿಂದ ನಾಣಿ ಎಂಬ ಹಲ್ಲುಬ್ಬು ಹುಡುಗ ಮೆಲ್ಲಗೆ, "ಅದಕ್ಕೆ ಬೀಜ ಹಾಕೋದ್ ಬ್ಯಾಡ ಅಂತ ಮಾತಾಡ್ಕೊಂಡಿದ್ವಿ ಸಾರ್" ಎಂದು, ಅಂಜಮ್ಮನ ಕಡೆ ತಿರುಗಿ, "ನೀನೇ ಕಣೇ ಕೆಡಿಸಿದ್ದು" ಎಂದ.

"ಕೈ ತಾನಾಗೇ ಹೋಯ್ತು ಕಣೋ!" ಎಂದು ಅಂಜಮ್ಮ ಅಳತೊಡಗಿದಳು.

ಮೇಷ್ಟ್ರು ತಂಬಿಗೆಯನ್ನೆತ್ತಿ ಕಿವಿಯ ಪಕ್ಕ ಹಿಡಿದು ತಟ್ಟಿದರು. ಒಮ್ಮೆ ಬಲಗಿವಿಗೆ, ಒಮ್ಮೆ ಎಡಗಿವಿಗೆ. ಎಡಕ್ಕೆ ವಾಲುವ ಆ ತಲೆಯ ಅರ್ಥ ನನಗೆ ಹೊಳೆದದ್ದು ಆಗ: ಹಲವು ಕಾಲದಿಂದ ಅವರು ಬಲಗಿವಿಯೊಂದನ್ನೇ ಮುಂದೊಡ್ಡಿ ಲೋಕವನ್ನು ಕೇಳುತ್ತಿದ್ದರು, ಈಗ ಅದೂ ಸೋಲುತ್ತಿತ್ತು. ತಂಬಿಗೆ ಇಳಿಸಿ ರಿಜಿಸ್ಟರು ಬಿಡಿಸಿದರು.

"ಅಂಜಮ್ಮ, ಐವತ್ತಕ್ಕೆ ಐವತ್ತು. ಬೀಜ ಬಚ್ಚಿಟ್ಟಿದ್ದಕ್ಕೆ ಒಂದು ಕಟ್. ಉಳಿದೋರಿಗೆ ಕೇಳಿಸಿದ್ದಕ್ಕೆ ಕೊಡ್ತೀನಿ, ಕೇಳಿಸಲಿಲ್ಲ ಅಂದದ್ದಕ್ಕೆ ಎರಡೆರಡು ಕಟ್." ಬಳಿಕ ಹೆಡ್‌ಮಾಸ್ಟರ ಕಡೆ ತಿರುಗಿ, "ಈ ಪರೀಕ್ಷೇಲಿ ಒಬ್ರು ಫೇಲು ಸಾರ್. ಅವರ ಹೆಸರು ರಿಜಿಸ್ಟರಲ್ಲಿಲ್ಲ, ಅಷ್ಟೇ" ಎಂದರು. ಸೋಮಲಿಂಗಪ್ಪನವರು ಕನ್ನಡಕ ತೆಗೆದು, ಒರೆಸುವುದೇನೂ ಇಲ್ಲದಿದ್ದರೂ ಒರೆಸಿದರು.

ಕಮಿಟಿಗೆ ನಾನು ಒಪ್ಪಿಸಿದ ವರದಿ ಚಿಕ್ಕದು: ಪರೀಕ್ಷೆ ಕಟ್ಟುನಿಟ್ಟಾಗಿದೆ, ಎಷ್ಟೆಂದರೆ ಮೇಷ್ಟ್ರೂ ಪಾರಾಗಲಿಲ್ಲ, ಬಡಗಿಯವರು ಬೇರೆ ಪಿರಿಯಡ್ಡು ನೋಡಿಕೊಳ್ಳಲಿ. ಕಮಿಟಿಗೆ ಅರ್ಥವಾಗಲಿಲ್ಲ. ಅರ್ಥವಾಗದ್ದನ್ನು ಒಪ್ಪಿಕೊಳ್ಳುವುದು ಕಮಿಟಿಗಳಿಗೆ ಸುಲಭ.

ಜೂನ್ ತಿಂಗಳಲ್ಲಿ ಶಾಲೆಯ ಕಿಟಕಿಯ ಹೊರಗೆ ನಿಂತು ಕೇಳಿದೆ. ಮೇಷ್ಟ್ರು ಧೈವತದವರೆಗೆ ಹಾಡಿ ಬೆರಳೆತ್ತಿ ಸುಮ್ಮನಾಗುವರು. ಮೇಲಿನ ಷಡ್ಜ ಮಕ್ಕಳ ಪಾಲು. ಅದು ಕೂತಿತೋ ಇಲ್ಲವೋ ಎಂದು ಅವರು ನೋಡುತ್ತಿದ್ದುದು ಅಂಜಮ್ಮನ ಹೆಬ್ಬೆರಳನ್ನು. ಅದು ಮೇಲೆದ್ದರೆ ಇನ್ನೂ ಏರಬೇಕು, ಅಲುಗದಿದ್ದರೆ ಸರಿ. ಆ ಮಂಚ ಎಳೆಯುವ ಕಂಠದ ಹುಡುಗಿ ಆಣೆಯಿಟ್ಟವಳಂತೆ ಗಂಭೀರಳಾಗಿ ಕೂತಿದ್ದಳು.

ನಮ್ಮ ಕಸುಬಿನಲ್ಲಿ ತಕ್ಕಡಿ ಅಂಗಡಿ ಹಲಗೆಯ ಈಚೆಗಿರುತ್ತದೆ, ಗಿರಾಕಿ ಆಚೆಗೆ. ರೇವಣಸಿದ್ದಯ್ಯನವರನ್ನು ಬಲ್ಲ ಮಾತ್ರಕ್ಕೆ ನಾನು ಬದಲಾದೆನೆಂದೇನಲ್ಲ. ಬಿರುಕಿನ ತಂಬಿಗೆಯನ್ನು ಈಗಲೂ ಹಿಂದಿನ ಸಾಲಿನಲ್ಲೇ ಇಡುತ್ತೇನೆ. ಆದರೆ ಆ ಜಾತಿಯ ಮನುಷ್ಯರು ಬೇರೆ. ಅವರು ವರ್ಷಗಟ್ಟಲೆ ತೇದು ತೇದು ಒಂದು ತಕ್ಕಡಿಯನ್ನು ಮಾಡಿ, ಅದನ್ನು ಎಳೆಯ ಕೈಗಳಿಗೆ ಕೊಟ್ಟು, ಮೊದಲು ತಾವೇ ಅದರ ತಟ್ಟೆಯಲ್ಲಿ ಹೋಗಿ ಕೂರುತ್ತಾರೆ. ಮುಳ್ಳು ತಮ್ಮ ವಿರುದ್ಧ ವಾಲಿದಾಗ, ಕೈ ನಡುಗದ ಮಗುವನ್ನು ಕಂಡು ಒಳಗೊಳಗೇ ಹಿಗ್ಗುತ್ತಾರೆ.