ನಮ್ಮ ಯಜಮಾನರು ಡಾನ್ ಆಗಿದ್ದು

ನಮ್ಮ ಯಜಮಾನರ ಹೆಸರು ಅಶ್ವತ್ಥಪ್ಪ, ವಯಸ್ಸು ಐವತ್ನಾಲ್ಕು. ರಾಜಾನುಕುಂಟೆಯಲ್ಲಿ ಸಿಮೆಂಟ್ ಬ್ಲಾಕ್ ಮಾಡುವ ಫ್ಯಾಕ್ಟರಿ ಇಟ್ಟಿದ್ದಾರೆ. ಅಪ್ಪನ ಕಾಲದ ಜಮೀನಿನಲ್ಲಿ ಅರ್ಧ ಲೇಔಟ್ ಆಗಿದೆ, ಇನ್ನರ್ಧದಲ್ಲಿ ರಾಗಿ. ರಕ್ತ ಪರೀಕ್ಷೆಗೆ ಸೂಜಿ ಚುಚ್ಚುವಾಗ ನನ್ನ ಕೈ ಹಿಡಿದುಕೊಂಡು ಆ ಕಡೆ ಮುಖ ತಿರುಗಿಸುವ ಮನುಷ್ಯ. ಬೀದಿನಾಯಿ ಗುರ್ ಅಂದರೆ ಕಾರಿನಿಂದ ಇಳಿಯೋದಿಲ್ಲ. ಇಂಥವರು ಹೋದ ವರ್ಷ ಡಾನ್ ಆದರು.

ಎಲ್ಲ ಶುರುವಾಗಿದ್ದು ಒಂದು ಸಿನಿಮಾದಿಂದ. ಹೆಬ್ಬಾಳದ ಕಡೆಯ ಮಾಲ್‌ನಲ್ಲಿ ಗೆಳೆಯರ ಜೊತೆ ನೋಡಿ ಬಂದರು. ಮರುವಾರ ಇನ್ನೊಂದು ಸಲ ನೋಡಿದರು. ಮೂರನೇ ಸಲ ನನ್ನನ್ನೂ ಕರಕೊಂಡು ಹೋದರು. ಮೂರು ಗಂಟೆ ಹೊತ್ತು ಒಬ್ಬ ಗಡ್ಡದವನು ಮೆಲ್ಲಗೆ ನಡೀತಾನೆ, ಮೆಲ್ಲಗೆ ಸಿಗರೇಟು ಹಚ್ಚುತ್ತಾನೆ, ಮೆಲ್ಲಗೆ ಜನರನ್ನು ಕಡೀತಾನೆ. ಅವನು ಎಲ್ಲರ ಹಾಗೆ ನಡೆದಿದ್ದರೆ ಸಿನಿಮಾ ಒಂದೂವರೆ ಗಂಟೆಗೆ ಮುಗೀತಿತ್ತು. ಹಾಗಂತ ಹೇಳಿದ್ದಕ್ಕೆ ಮನೆ ತಲುಪುವವರೆಗೂ ಇವರು ನನ್ನ ಜೊತೆ ಮಾತಾಡಲಿಲ್ಲ.

ಆಮೇಲೆ ಗಡ್ಡ ಬಂತು. ಅದಕ್ಕೆ ಶೇಪ್ ಕೊಡಿಸಲು ಸಂಜಯನಗರದ ಸಲೂನಿಗೇ ಹೋಗಬೇಕು, ನಮ್ಮೂರಿನವನಿಗೆ ಬರಲ್ಲವಂತೆ. ಮತ್ತಿಕೆರೆಯ ಟೈಲರ್ ಹತ್ತಿರ ಒಂದೇ ಸಲಕ್ಕೆ ಆರು ಕರಿ ಅಂಗಿ ಹೊಲಿಸಿಕೊಂಡರು. ಸಿಮೆಂಟ್ ಧೂಳಿನಲ್ಲಿ ಕರಿ ಅಂಗಿ! ಸಂಜೆ ಮನೆಗೆ ಬರುವ ಹೊತ್ತಿಗೆ ಮೈಯೆಲ್ಲ ಬೂದಿ ಬಳಿದುಕೊಂಡ ಬೈರಾಗಿ ಥರ ಕಾಣೋರು.

ಬಟ್ಟೆಯನ್ನಾದರೂ ಸಹಿಸಬಹುದು, ಮಾತು ಸಹಿಸೋಕಾಗಲಿಲ್ಲ. ನಾನು ಯಲಹಂಕದ ಒಂದು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡ್ತೀನಿ. ಎಂಟನೇ ಕ್ಲಾಸಿನ ಹುಡುಗರು ಡೈಲಾಗ್ ಹೊಡೆದರೆ ಬೆಂಚಿನ ಮೇಲೆ ನಿಲ್ಲಿಸಬಹುದು. ಗಂಡನನ್ನು ಎಲ್ಲಿ ನಿಲ್ಲಿಸಲಿ?

"ಚಟ್ನಿ," ಅಂದರು ಒಂದು ಬೆಳಿಗ್ಗೆ, ದನಿಯನ್ನು ಹೊಟ್ಟೆಯಿಂದ ತೆಗೆದು.

"ಏನಾಯ್ತು ಚಟ್ನಿಗೆ?"

"ಒಂದ್ಸಲ ಹೇಳ್ತೀನಿ ರಾಧಾಮಣಿ. ಎರಡನೇ ಸಲ ನಾನು ಹೇಳಲ್ಲ, ಊರು ಹೇಳುತ್ತೆ."

"ಹಾಗಾದ್ರೆ ಊರಿನವರ ಹತ್ರಾನೇ ಹಾಕಿಸ್ಕೊಳ್ಳಿ," ಅಂತ ನಾನು ಸ್ಕೂಲಿಗೆ ಹೊರಟೆ.

ಫ್ಯಾಕ್ಟರಿಯ ಮ್ಯಾನೇಜರ್ ನಿರಂಜನ್ ಇವರಿಗಿಂತ ಒಂದು ಕೈ ಮೇಲೆ. ಮೂವತ್ತೆಂಟು ವರ್ಷ, ಎರಡು ಮಕ್ಕಳ ತಂದೆ. ಅಲ್ಲಿಯವರೆಗೆ ಇವರನ್ನು ಅಣ್ಣ ಅಂತಿದ್ದವನು "ಬಾಸ್" ಅನ್ನೋಕೆ ಶುರುಮಾಡಿದ. ಇವರು ಕಾರಿನಿಂದ ಇಳಿಯೋದು, ಕನ್ನಡಕ ಹಾಕಿಕೊಳ್ಳೋದು, ಲೋಡ್ ಆಗುತ್ತಿರುವ ಲಾರಿಯನ್ನು ಸುಮ್ಮನೆ ದಿಟ್ಟಿಸೋದು, ಎಲ್ಲವನ್ನೂ ವಿಡಿಯೋ ಮಾಡಿ ರೀಲ್ಸ್ ಹಾಕುತ್ತಿದ್ದ.

ಡಿಸೆಂಬರ್‌ನಲ್ಲಿ ಹನುಮಯ್ಯ ಭಾವ ಮನೆಗೆ ಕಾಂಪೌಂಡ್ ಕಟ್ಟಿಸಿದರು. ಭಾವ ಅಂದರೆ ಇವರ ದೊಡ್ಡಪ್ಪನ ಮಗ, ಎಪ್ಪತ್ತು ವರ್ಷದವರು. ಅವರ ಮನೆಗೂ ನಮ್ಮ ಫ್ಯಾಕ್ಟರಿಗೂ ನಡುವೆ ಒಂದೇ ದಾರಿ. ಗೋಡೆ ಎದ್ದ ಮೇಲೆ ನಮ್ಮ ಲಾರಿ ತಿರುಗೋದು ಕಷ್ಟ ಆಯಿತು.

"ಭಾವನಿಗೆ ಒಂದು ಫೋನ್ ಮಾಡ್ರೀ. ನಾನೂ ಬರ್ತೀನಿ, ಕೂತು ಮಾತಾಡೋಣ," ಅಂದೆ.

"ಫೋನಲ್ಲಿ ಮುಗಿಯೋ ಮಾತಲ್ಲ ಇದು," ಅಂದರು ಕಿಟಕಿಯಾಚೆ ನೋಡುತ್ತಾ. ಕಿಟಕಿಯಾಚೆ ಏನೂ ಇರಲಿಲ್ಲ, ಒಣಗಲು ಹಾಕಿದ್ದ ಟವೆಲ್ ಬಿಟ್ಟರೆ.

ಶನಿವಾರ ನಾನು ಸ್ಕೂಲಿನಲ್ಲಿದ್ದಾಗ ಇವರು ಹೋಗಿಬಂದರು. ಸಂಜೆ ಕೇಳಿದರೆ "ಹೇಳೋದನ್ನ ಹೇಳಿದ್ದಾಯ್ತು" ಅಂದರು. ಮಾತಾಡಿದ್ದಾರೆ, ಸದ್ಯ, ಅಂದುಕೊಂಡೆ.

ಏನು ಮಾತಾಡಿದ್ದರು ಅಂತ ಗೊತ್ತಾಗಿದ್ದು ಸೋಮವಾರ. ಕ್ಲಾಸಿಗೆ ಕಾಲಿಟ್ಟರೆ ಹಿಂದಿನ ಬೆಂಚಿನವರು ಶಿಳ್ಳೆ ಹಾಕಿದರು. "ಮಿಸ್, ಸಾರ್ ಸಖತ್ ಮಾಸ್ ಮಿಸ್!" ಯಾವ ಸಾರ್ ಅಂತ ನನಗೆ ಹೊಳೆಯಲಿಲ್ಲ. ಸ್ಟಾಫ್ ರೂಮಿನಲ್ಲಿ ವಿಜ್ಞಾನದ ನಾಗಭೂಷಣ ಮೇಷ್ಟ್ರು ಸಂಕೋಚದಿಂದಲೇ ಫೋನ್ ನನ್ನ ಮುಂದೆ ಹಿಡಿದರು.

ಮೂರು ಕಾರು. ಅದರಲ್ಲಿ ಎರಡು ಯಾರದ್ದೋ. ನಮ್ಮ ಬ್ಲಾಕ್ ಹೊರುವ ಆರು ಜನ ಕೆಲಸದವರು ಕರಿ ಅಂಗಿ ತೊಟ್ಟು ಇಳಿಯುತ್ತಾರೆ, ಎಲ್ಲರೂ ನಿಧಾನಕ್ಕೆ. ಮಧ್ಯದಲ್ಲಿ ನಮ್ಮ ಯಜಮಾನರು, ಕೈಯಲ್ಲಿ ಮಚ್ಚು. ಭಾವ ಜಗಲಿಯ ಮೇಲೆ ಕೂತು ಹೆಂಡತಿ ಯಲ್ಲಮ್ಮಕ್ಕನ ಜೊತೆ ಅವರೆಕಾಯಿ ಸುಲಿಯುತ್ತಿದ್ದಾರೆ. ಇವರು ಆ ಮಚ್ಚನ್ನು ಅವರ ಪಕ್ಕದಲ್ಲಿ ಇಡುತ್ತಾರೆ. "ಸೋಮವಾರದೊಳಗೆ ಗೋಡೆ ಇರಬಾರದು. ಒಂದ್ಸಲ ಹೇಳ್ತೀನಿ. ಎರಡನೇ ಸಲ ನಾನು ಹೇಳಲ್ಲ, ಊರು ಹೇಳುತ್ತೆ." ಢಂ ಅಂತ ಮ್ಯೂಸಿಕ್ಕು. ನಲವತ್ತು ಸಾವಿರ ಜನ ನೋಡಿದ್ದರು.

ನಾನು ಎರಡನೇ ಸಲ ನೋಡಿದಾಗ ಇವರನ್ನು ನೋಡಲಿಲ್ಲ. ಇವರ ಭುಜದ ಹಿಂದೆ ಒಂದೆರಡು ಕ್ಷಣ ಯಲ್ಲಮ್ಮಕ್ಕ ಕಾಣುತ್ತಾರೆ. ಮಡಿಲಿನ ಮೊರ ಜಾರಿ ಕಾಳೆಲ್ಲ ನೆಲಕ್ಕೆ ಸುರಿಯುತ್ತಿದೆ, ಅವರಿಗೆ ಅದರ ಗ್ಯಾನವೇ ಇಲ್ಲ. ಗಂಡನ ತೋಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಾರೆ.

ಅಷ್ಟರಲ್ಲಿ ಭಾವನ ಮಗಳು ಚೈತ್ರಳ ಫೋನ್ ಬಂತು.

"ಚಿಕ್ಕಮ್ಮ, ಅಪ್ಪನಿಗೆ ಬಿಪಿ ಇನ್ನೂರು ದಾಟಿದೆ, ಆಸ್ಪತ್ರೇಲಿದ್ದೀವಿ. ನಾನು ಚಿಕ್ಕಪ್ಪನ ಮೇಲೆ ಕಂಪ್ಲೇಂಟ್ ಕೊಟ್ಟಿದ್ದೀನಿ. ಬೇರೆಯವರಿಂದ ಗೊತ್ತಾಗೋದು ಬೇಡ ಅಂತ ಹೇಳ್ತಿದ್ದೀನಿ."

"ಸರಿಯಾಗೇ ಮಾಡಿದ್ದೀಯ ಕಣೇ," ಅಂದೆ. ಇನ್ನೇನು ಹೇಳಲಿ?

ಸ್ಟೇಷನ್ನಿಗೆ ಇವರನ್ನೂ ನಿರಂಜನ್‌ನನ್ನೂ ಕರೆಸಿದರು, ನಾನೂ ಹೋದೆ. ಸಬ್ ಇನ್ಸ್‌ಪೆಕ್ಟರ್ ಸಂಗಮೇಶ ಅಂತ, ಕಲಬುರಗಿ ಕಡೆಯ ಹುಡುಗ, ನಿದ್ದೆಗೆಟ್ಟ ಕಣ್ಣು. ರೀಲನ್ನು ಜೋರು ಸೌಂಡಿನಲ್ಲಿ ಹಾಕಿ, ಮುಗಿಯುವವರೆಗೂ ನಮ್ಮನ್ನು ನಿಲ್ಲಿಸಿದ.

"ಇದ್ರಾಗ ಇರೋರು ನೀವೇ ಏನ್ರಿ?"

"ಹೌದು ಸಾರ್." ಹೊಟ್ಟೆಯ ದನಿ ಎಲ್ಲಿ ಹೋಯಿತೋ, ಮೂಗಿನಿಂದ ಬಂತು ಮಾತು.

"ಮಚ್ಚು ಎಲ್ಲಿ ಅದರಿ?"

"ಮೇನ್ ರೋಡಿನ ಎಳನೀರಿನವನದು ಸಾರ್. ವಾಪಸ್ ಕೊಟ್ಬಿಟ್ಟೆ. ಅವನಿಗೆ ವ್ಯಾಪಾರದ ಟೈಮು..."

"ಊರು ಹೇಳುತ್ತೆ ಅಂದ್ರೇನ್ರಿ? ಯಾವ ಊರು? ಏನ್ ಹೇಳ್ತದ?"

ಇವರು ನನ್ನ ಮುಖ ನೋಡಿದರು. ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ.

"ಅದು ಸಿನಿಮಾದಲ್ಲಿ ಹಂಗೆ ಬರುತ್ತೆ ಸಾರ್. ಅರ್ಥ ಅಂತ ಏನಿಲ್ಲ."

"ಅರ್ಥ ಇಲ್ಲದ ಮಾತಿಗಿ ಒಬ್ಬ ಮುದುಕ ದವಾಖಾನಿ ಸೇರ್ಯಾನ," ಅಂದ ಸಂಗಮೇಶ. ಆಮೇಲೆ ನಿರಂಜನ್ ಕಡೆ ತಿರುಗಿದ. "ಮಾತಾಡಿದ್ದು ಬಾಸು ಸಾರ್, ನಂದು ಬರೀ ಎಡಿಟಿಂಗು," ಅಂದ ನಿರಂಜನ್. ಅವನ ಫೋನು, ಎಳನೀರಿನವನಿಂದ ತರಿಸಿಕೊಂಡ ಮಚ್ಚು ಎರಡೂ ಸ್ಟೇಷನ್ನಿನಲ್ಲೇ ಉಳಿದವು. ಆ ಎಳನೀರಿನವನು ಈಗಲೂ ನನ್ನನ್ನು ಕಂಡರೆ ಮುಖ ಗಂಟಿಕ್ಕುತ್ತಾನೆ.

ಭಾವ ಮನೆಗೆ ಬಂದ ಮೂರನೇ ದಿನ ಇವರನ್ನು ಎಬ್ಬಿಸಿಕೊಂಡು ಹೋದೆ. ದಾರಿಯುದ್ದಕ್ಕೂ ಹೇಳಿದ್ದೆ, ತಪ್ಪಾಯ್ತು ಅನ್ನಿ, ಅಷ್ಟೇ ಸಾಕು. ಇವರು ಒಳಗೆ ಹೋದವರೇ ಧೊಪ್ಪನೆ ಮಂಡಿಯೂರಿ, ಎರಡೂ ಕೈ ಚಾಚಿ, "ಅಣ್ಣಾ! ಈ ಪಾಪಿಗೆ ನಿನ್ನ ಕೈಯಾರೆ ಶಿಕ್ಷೆ ಕೊಡು!" ಅಂದರು.

ನಾನು ಹಣೆ ಚಚ್ಚಿಕೊಂಡೆ. ಇದೂ ಸಿನಿಮಾನೇ. ಸ್ವಲ್ಪ ಹಳೇದು, ಅಷ್ಟೇ ವ್ಯತ್ಯಾಸ.

ಮಂಚದ ಮೇಲಿದ್ದ ಭಾವ ದಿಂಬಿಗೆ ಒರಗಿ ಕೂತರು. "ಎದ್ದೇಳೋ ಮ್ಯಾಕೆ. ನಿನ್ ಬಾಯಲ್ಲಿ ಮಾತಾಡೋ. ಅದ್ಯಾವನ್ದೋ ಬಾಯಲ್ಲಿ ಬ್ಯಾಡ."

ಇವರು ಎದ್ದರು. ಕೈ ಎಲ್ಲಿಡಬೇಕು ಅಂತ ಗೊತ್ತಾಗದೆ ಜೇಬಿಗೆ ಹಾಕಿ ಮತ್ತೆ ತೆಗೆದರು. "ಲಾರಿ ತಿರುಗ್ತಿರ್ಲಿಲ್ಲ ಅಣ್ಣ. ಸಿಟ್ಟು ಬಂತು," ಅಂದರು.

"ಲಾರಿ ತಿರುಗಲ್ಲ ಅಂತ ಯೋಳಿದ್ರೆ ಆಯ್ತಿರ್ಲಿಲ್ವೇನೋ? ಚಿಕ್ಕೋನಿದ್ದಾಗ ನಿನ್ನ ಎಗಲ ಮ್ಯಾಲೆ ಕೂರಿಸ್ಕೊಂಡು ಟೆಂಟ್ ಸಿನಿಮಾಕ್ಕೆ ಕರ್ಕೊಂಡೋಗ್ತಿದ್ದೋನು ನಾನು. ಫೈಟಿಂಗ್ ಬಂದ್ರೆ ಅಳೋನು ನೀನು. ಬರೀ ಆಟ ಕಣೋ, ಎದರ್ಬ್ಯಾಡ ಅಂತ ಸಮಾಧಾನ ಮಾಡ್ತಿದ್ದೆ." ಭಾವ ಸ್ವಲ್ಪ ಉಸಿರು ತಗೊಂಡರು. "ಅವತ್ತು ಮಚ್ಚು ಇಟ್ಟಾಗ ನಂಗೆ ದಿಟವಾಗ್ಲೂ ಎದ್ರಿಕೆ ಆಯ್ತು ಕಣೋ ಅಶ್ವತ್ಥ. ನಿನ್ನ ನೋಡಿ."

ಆಗ ಇವರು ಅತ್ತರು. ಮೂಗು ಸೋರಿಸಿಕೊಂಡು, ಬಾಯಿ ಸೊಟ್ಟ ಮಾಡಿಕೊಂಡು, ಗಡ್ಡವೆಲ್ಲ ಒದ್ದೆಯಾಗುವ ಹಾಗೆ. "ತಪ್ಪಾಯ್ತಣ್ಣ" ಅನ್ನುವಷ್ಟರಲ್ಲಿ ಎರಡು ಸಲ ಬಿಕ್ಕಳಿಕೆ ಬಂತು. ಭಾವ ಪಕ್ಕದಲ್ಲಿದ್ದ ಟವೆಲ್ ಎಸೆದರು.

ಪೊಲೀಸರು ಇವರಿಂದ ಮುಚ್ಚಳಿಕೆ ಬರೆಸಿಕೊಂಡು ಕಂಪ್ಲೇಂಟ್ ಮುಗಿಸಿದರು. ಸರ್ವೇಯವರು ಅಳೆದು ನೋಡಿದರೆ ಗೋಡೆ ಭಾವನ ಜಾಗದಲ್ಲೇ ಇತ್ತು, ಒಂದಿಂಚೂ ಆಚೆ ಬಂದಿರಲಿಲ್ಲ. ಆದರೂ ಭಾವ ಮೂಲೆಯನ್ನು ಸ್ವಲ್ಪ ಒಡೆಸಿ ಓರೆಯಾಗಿ ಕಟ್ಟಿಸಿಕೊಟ್ಟರು. ಲಾರಿ ಸಲೀಸಾಗಿ ತಿರುಗುತ್ತೆ. ಒಬ್ಬ ಮೇಸ್ತ್ರಿಗೆ ಅರ್ಧ ದಿನದ ಕೆಲಸ. ಇದನ್ನು ನಾನು ಇವರಿಗೆ ಎಷ್ಟು ಸಲ ಹೇಳಿದ್ದೀನೋ ಲೆಕ್ಕ ಇಲ್ಲ. ಪ್ರತಿ ಸಲವೂ ತಲೆ ತಗ್ಗಿಸುತ್ತಾರೆ, ನನಗೆ ಅದರಿಂದಲೂ ಸಮಾಧಾನ ಆಗೋದಿಲ್ಲ.

ನಿರಂಜನ್ ರೀಲ್ ಅಳಿಸಿದ. ಆದರೆ ಅಷ್ಟರಲ್ಲಿ ಬೇರೆಯವರು ಇಳಿಸಿಕೊಂಡು ಇನ್ನೂ ಜೋರು ಮ್ಯೂಸಿಕ್ ಹಾಕಿ ಬಿಟ್ಟಿದ್ದರು. ಈಗಲೂ ಯಾರದ್ದೋ ಫೋನಿನಲ್ಲಿ ಬರುತ್ತಿರುತ್ತೆ.

ಭಾವ ಮೊದಲಿನ ಹಾಗೇ ಇದ್ದಾರೆ. ಸಂಕ್ರಾಂತಿಗೆ ಎಳ್ಳು ಬೀರಲು ಹೋದಾಗ ಯಲ್ಲಮ್ಮಕ್ಕ ನನ್ನನ್ನು ಒಳಗೆ ಕರೆದು ಕಾಫಿ ಕೊಟ್ಟರು, ನನ್ನ ಮಂಡಿ ನೋವು ವಿಚಾರಿಸಿದರು. ಅಷ್ಟರಲ್ಲಿ ಇವರು ನನ್ನನ್ನು ಕರೆದೊಯ್ಯಲು ಬಂದು ಹೊರಗೆ ಕಾರು ನಿಲ್ಲಿಸಿದರು. ಅಕ್ಕ ಮಾತು ನಿಲ್ಲಿಸಿ ಎದ್ದುಹೋಗಿ ಬಾಗಿಲಿನ ಚಿಲಕ ಹಾಕಿ ಬಂದರು. ಹಾಕಿದ್ದು ಅವರಿಗೇ ಗೊತ್ತಾಗಲಿಲ್ಲ ಅನ್ನಿಸುತ್ತೆ, ಮತ್ತೆ ಕೂತು ಮಂಡಿಗೆ ಯಾವ ಎಣ್ಣೆ ಒಳ್ಳೇದು ಅಂತ ಹೇಳತೊಡಗಿದರು. ಕಾಫಿ ಮುಗಿಸಿ ಹೊರಡುವಾಗ ಚಿಲಕ ನಾನೇ ತೆಗೆದೆ.